ನಾಲಾಗಳು ಎತ್ತಿ ಹಿಡಿದ ಊರು

ನೈನಿತಾಲಿಗೆ ಹೋದವರಿಗೆ ತೋರಿಸುವ ಜಾಗಗಳು ಬಹುಕಾಲದಿಂದ ಅವೇ: ದೋಣಿವಿಹಾರ, ನೈನಾದೇವಿಯ ಗುಡಿ, ಮಾಲ್ ರೋಡು, ರಾಜಭವನ, ಕಾಡಿನ ನಡುವಿನ ಹಳೆಯ ಚರ್ಚು, ಹಿಮಶಿಖರಗಳು ಕಾಣುವ ಎತ್ತರದ ಒಂದು ತಾಣ. ಇವೆಲ್ಲ ನೋಡಬೇಕಾದವೇ. ಆದರೆ ಈ ಊರಿನ ಇತಿಹಾಸ ತಿಳಿಯಬೇಕೆನ್ನುವವರು ಮೊದಲು ನೋಡಬೇಕಾದದ್ದು ಯಾವ ಗೈಡೂ ತೋರಿಸದ ಒಂದು ವಸ್ತುವನ್ನು. ಮಾಲ್ ರೋಡಿನಲ್ಲಿ ನಡೆಯುತ್ತ ಕೆರೆಗೆ ಬೆನ್ನು ಮಾಡಿ ಗುಡ್ಡದ ಕಡೆ ತಿರುಗಿದರೆ, ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಕಲ್ಲು ಕಟ್ಟಿದ ಒಂದು ಕಾಲುವೆ ಮೇಲಿನಿಂದ ಇಳಿದು ಬಂದಿರುತ್ತದೆ. ಅದರ ತಳ ಬರೀ ಇಳಿಜಾರಲ್ಲ, ಮೆಟ್ಟಿಲು ಮೆಟ್ಟಿಲಾಗಿದೆ. ಪ್ರತಿ ಮೆಟ್ಟಿಲಿಗೂ ಬಿದ್ದು ನೀರು ತನ್ನ ರಭಸ ಕಳೆದುಕೊಳ್ಳಲಿ ಎಂದು ಹಾಗೆ ಕಟ್ಟಿದ್ದು. ಎರಡೂ ಬದಿಗೆ ಕಲ್ಲಿನ ಗೋಡೆ, ಕೆರೆ ಸೇರುವ ಮುನ್ನ ಹೂಳು ಹಿಡಿದಿಡಲು ಒಂದು ಗುಂಡಿ. ಅಲ್ಲಿಯವರು ಇದನ್ನು ನಾಲಾ ಎನ್ನುತ್ತಾರೆ. ನಮ್ಮ ಬೆಂಗಳೂರಿನ ರಾಜಕಾಲುವೆ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ, ಕಡಿದಾದ ಗುಡ್ಡದ ಮೇಲೆ ಎನ್ನುವುದಷ್ಟೇ ವ್ಯತ್ಯಾಸ. ಇಂಥ ಸುಮಾರು 60 ನಾಲಾಗಳು ಸುತ್ತಲ ಬೆಟ್ಟಗಳಿಂದ ಕೆರೆಗೆ ಇಳಿಯುತ್ತವೆ. ನೈನಿತಾಲಿನ ನಿಜವಾದ ಸ್ಮಾರಕಗಳು ಇವೇ ಎಂಬುದು ನನ್ನ ವಾದ. ಆ ಊರು ಯಾಕೆ ಹುಟ್ಟಿತು, ಯಾವ ತಪ್ಪಿನ ಮೇಲೆ ನಿಂತಿತು, ಆ ತಪ್ಪನ್ನು ಯಾವ ಬೆಲೆ ತೆತ್ತು ತಿಳಿಯಿತು, ತಿಳಿದದ್ದನ್ನು ಹೇಗೆ ಮರೆಯಿತು ಎಂಬುದೆಲ್ಲ ಈ ಕಲ್ಲುಗಾಲುವೆಗಳಲ್ಲಿ ಬರೆದಿದೆ.

ಮೊದಲು ನೆಲದ ಮಾತು. ಉತ್ತರಾಖಂಡದ ಕುಮಾವೂ ಸೀಮೆಯಲ್ಲಿ, ಬಯಲು ಮುಗಿದು ಹಿಮಾಲಯ ಶುರುವಾಗುವ ಮೊದಲ ಸಾಲಿನ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ 1,900 ಮೀಟರಿಗೂ ಎತ್ತರದಲ್ಲಿ ಈ ಕೆರೆಯಿದೆ. ಕಾಠಗೋದಾಮದ ರೈಲು ನಿಲ್ದಾಣದಿಂದ 35 ಕಿಲೋಮೀಟರಿನಷ್ಟು ದಾರಿ. ಕೆರೆಯ ಮೇಲಿನ ತುದಿ ಮಲ್ಲಿತಾಲ್, ಕೆಳಗಿನ ತುದಿ ತಲ್ಲಿತಾಲ್. ಕುಮಾವೂನಿ ಭಾಷೆಯಲ್ಲಿ ಮಲ್ಲಾ ಎಂದರೆ ಮೇಲಿನದು, ತಲ್ಲಾ ಎಂದರೆ ಕೆಳಗಿನದು. ವಾಯವ್ಯಕ್ಕೆ 2,600 ಮೀಟರ್ ದಾಟಿದ ನೈನಾ ಶಿಖರ, ಹಿಂದೆ ಇದನ್ನು ಚೀನಾ ಶಿಖರ ಎನ್ನುತ್ತಿದ್ದರು. ಕೆರೆಯ ಈಶಾನ್ಯ ದಂಡೆಯ ಉದ್ದಕ್ಕೂ ಶೇರ್ ಕಾ ಡಾಂಡಾ, ಎದುರು ದಂಡೆಗೆ ಅಯಾರ್‌ಪಾಟಾ. ನೋಡುವ ಕಣ್ಣಿಗೆ ಎರಡೂ ಒಂದೇ ಬಗೆಯ ಹಸಿರು ಬೆಟ್ಟಗಳು, ಒಳಗಿನ ಕಲ್ಲು ಮಾತ್ರ ಬೇರೆ ಬೇರೆ. ಅಯಾರ್‌ಪಾಟಾದಲ್ಲಿ ಹೆಚ್ಚಾಗಿ ಸುಣ್ಣಕಲ್ಲು, ಡಾಲೊಮೈಟು. ಶೇರ್ ಕಾ ಡಾಂಡಾದಲ್ಲಿ ಪದರ ಪದರವಾದ, ಕೈಯಲ್ಲಿ ಹಿಡಿದು ಅದುಮಿದರೆ ಚೂರಾಗುವ ಶೇಲು, ಸ್ಲೇಟು. ಇವೆರಡರ ನಡುವೆ ಕೆರೆಯ ಉದ್ದಕ್ಕೂ ನೆಲದ ಒಂದು ಬಿರುಕು ಹಾದುಹೋಗಿದೆ. ಶೇಲಿನೊಳಗೆ ನೀರು ಇಳಿದರೆ ಅದು ನೆನೆದು ಜೇಡಿಯಾಗುತ್ತದೆ, ಜೇಡಿಯ ಮೇಲಿನ ಪದರ ಜಾರುತ್ತದೆ. ಗುಡ್ಡದ ಬುಡದ ಎಷ್ಟೋ ನೆಲ ಹಿಂದೆಂದೋ ಮೇಲಿನಿಂದ ಜಾರಿ ಬಂದು ಕೂತ ಮಣ್ಣೇ. ಅಂದರೆ ಇಲ್ಲಿ ಕುಸಿತ ಹೊಸದಲ್ಲ, ಮನುಷ್ಯ ಬರುವ ಮುಂಚೆಯೂ ಬೆಟ್ಟ ಜಾರುತ್ತಲೇ ಇತ್ತು. ಈ ಮಾತನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ದುರಂತದ ಹೊಣೆ ಯಾರದ್ದೆಂದು ಕೇಳುವಾಗ ಇದೇ ಮಾತು ನೆಪವಾಗಿ ಎದುರು ಬರುತ್ತದೆ.

ಈ ಊರನ್ನು 1841ರಲ್ಲಿ ಬ್ಯಾರನ್ ಎಂಬ ಇಂಗ್ಲಿಷ್ ಸಕ್ಕರೆ ವ್ಯಾಪಾರಿ 'ಕಂಡುಹಿಡಿದ' ಎಂದು ಪ್ರವಾಸಿ ಪುಸ್ತಕಗಳು ಬರೆಯುತ್ತವೆ. ಬ್ಯಾರನ್ ಬಯಲು ಸೀಮೆಯ ಶಾಹಜಹಾನ್‌ಪುರದವನು, ಬೆಟ್ಟ ಸುತ್ತುವ ಹುಚ್ಚಿನವನು. ಆದರೆ ಈ ಕೆರೆ ಯಾರಿಗೂ ಗೊತ್ತಿಲ್ಲದ ಕೆರೆಯಾಗಿರಲಿಲ್ಲ. ಸ್ಕಾಂದಪುರಾಣದ ಮಾನಸಖಂಡದಲ್ಲಿ ಅತ್ರಿ, ಪುಲಸ್ತ್ಯ, ಪುಲಹ ಋಷಿಗಳ ಹೆಸರಿನಲ್ಲಿ ತ್ರಿಋಷಿ ಸರೋವರವೆಂದು ಬರುವುದು ಇದೇ ಎಂದು ಆ ಸೀಮೆಯ ಜನ ನಂಬುತ್ತಾರೆ. ಸತಿಯ ಕಣ್ಣು ಬಿದ್ದ ಜಾಗವೆಂದು ದೇವಿಗೆ ನೈನಾ ಎಂಬ ಹೆಸರು. ಸುತ್ತಲ ಹಳ್ಳಿಯವರು ಜಾತ್ರೆಗೆ ಬರುತ್ತಿದ್ದರು, ಬೇಸಿಗೆಯಲ್ಲಿ ದನ ಮೇಯಿಸಲು ಹತ್ತುತ್ತಿದ್ದರು, ಮತ್ತೆ ಇಳಿದು ಹೋಗುತ್ತಿದ್ದರು. ಇಂಗ್ಲಿಷರಲ್ಲಿಯೂ ಬ್ಯಾರನ್ ಮೊದಲಿಗನಲ್ಲ. ಗೂರ್ಖಾ ಯುದ್ಧದಲ್ಲಿ 1815ರಲ್ಲಿ ಕುಮಾವೂ ಕಂಪನಿಯ ಕೈಗೆ ಬಂದ ಮೇಲೆ ಅಲ್ಲಿ ದೀರ್ಘಕಾಲ ಕಮಿಷನರ್ ಆಗಿದ್ದ ಟ್ರೇಲ್‌ಗೆ ಈ ಕೆರೆ ಗೊತ್ತಿತ್ತು. ಅದು ಆ ಜನಕ್ಕೆ ಪವಿತ್ರವಾದ ಜಾಗವೆಂದು ಅವನು ತನ್ನವರಿಗೆ ಅದರ ಸುದ್ದಿ ಹಬ್ಬಿಸಲಿಲ್ಲ. ಸ್ಥಳೀಯರಂತೂ ದಾರಿ ತೋರಿಸಲು ಒಪ್ಪುತ್ತಲೇ ಇರಲಿಲ್ಲ. ಬ್ಯಾರನ್ ಬರೆದಿಟ್ಟ ಒಂದು ಪ್ರಸಂಗ ಇದಕ್ಕೆ ಸಾಕ್ಷಿ. ತನಗೆ ಆ ಕೆರೆಯ ದಾರಿ ಗೊತ್ತಿಲ್ಲ ಎಂದು ಹಟ ಹಿಡಿದ ಬೆಟ್ಟದವನೊಬ್ಬನ ತಲೆಯ ಮೇಲೆ ದೊಡ್ಡ ಕಲ್ಲೊಂದನ್ನು ಹೊರಿಸಿ, ನೈನಿತಾಲಿನಲ್ಲಿ ಕಲ್ಲು ಸಿಗುವುದಿಲ್ಲ, ಮನೆ ಕಟ್ಟಲು ಬೇಕು, ಅಲ್ಲಿಯವರೆಗೆ ಹೊರು ಎಂದರಂತೆ. ಸ್ವಲ್ಪ ದೂರ ಹೊತ್ತ ಮೇಲೆ ಆ ಬಡಪಾಯಿ, ಅಲ್ಲಿ ಕಲ್ಲಿಗೇನು ಬರ, ಬೇಕಾದಷ್ಟಿದೆ ಎಂದುಬಿಟ್ಟ. ನೋಡದವನಿಗೆ ಅದು ಗೊತ್ತಾಗುವುದು ಹೇಗೆ? ಗುಟ್ಟು ಹೊರಬಿತ್ತು. ಈ ಕತೆಯನ್ನು ಬಿಳಿಯನ ಜಾಣತನದ ಕತೆಯಾಗಿಯೇ ಇವತ್ತಿಗೂ ಹೇಳುತ್ತಾರೆ. ತಲೆಯ ಮೇಲೆ ಬಂಡೆ ಹೇರುವವರೆಗೆ ಬಾಯಿ ಬಿಡದ ಆ ಮನುಷ್ಯನ ಕಡೆಯಿಂದ ಅದನ್ನು ಓದಿದವರು ಕಡಿಮೆ.

ಅದಾದ ಮೇಲೆ ನರಸಿಂಗ್ ಎಂಬ ಥೋಕದಾರನ, ಅಂದರೆ ಹಳ್ಳಿಗಳ ಮುಖಂಡನ, ಪ್ರಸಂಗ. ಕೆರೆಯ ಸುತ್ತಲ ನೆಲ ತನ್ನದೆಂದು ಅವನ ವಾದ. 1842ರಲ್ಲಿ ಬ್ಯಾರನ್ ಒಂದು ದೋಣಿಯನ್ನು ಬೆಟ್ಟದ ಮೇಲಕ್ಕೆ ಸಾಗಿಸಿ ತಂದ. ಆ ನೀರಿನ ಮೇಲೆ ಅದುವರೆಗೆ ಅಂಥ ದೋಣಿ ತೇಲಿರಲಿಲ್ಲ. ನರಸಿಂಗನನ್ನು ಅದರಲ್ಲಿ ಕೂರಿಸಿ ಕೆರೆಯ ನಡುವೆ ಕರೆದೊಯ್ದು, ಹಕ್ಕು ಬಿಟ್ಟುಕೊಟ್ಟೆನೆಂದು ಬರೆಯದಿದ್ದರೆ ಮುಳುಗಿಸುವುದಾಗಿ ಬೆದರಿಸಿ, ನೋಟ್‌ಬುಕ್ಕಿನಲ್ಲಿ ಸಹಿ ಹಾಕಿಸಿಕೊಂಡರೆಂದು ನೈನಿತಾಲಿನ ಇತಿಹಾಸ ಬರೆದವರೆಲ್ಲ ಹೇಳುತ್ತಾರೆ. ಮುಂದೆ ಅದೇ ನರಸಿಂಗನಿಗೆ ಅಲ್ಲೇ ಐದು ರೂಪಾಯಿ ಸಂಬಳದ ಪಟವಾರಿ ಕೆಲಸ ಕೊಟ್ಟರು. ನೆಲದ ಒಡೆಯನಾಗಿದ್ದವನು ಅದೇ ನೆಲದ ಲೆಕ್ಕ ಬರೆಯುವ ನೌಕರನಾದ. ಊರಿನ ಮೊದಲ ದಾಖಲೆ ಇಂಥ ಸಹಿ ಎಂಬುದನ್ನು ನಾವು ಮರೆಯಬಾರದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ತೂಕದ್ದೇ. ಹಳ್ಳಿಯವರು ಅಲ್ಲಿ ವಾಸ ಮಾಡದಿದ್ದದ್ದು ಭಕ್ತಿಯಿಂದ, ಭಯದಿಂದ. ಅದಕ್ಕೆ ಭೂವಿಜ್ಞಾನದ ಬಣ್ಣ ಬಳಿಯುವುದು ಹಿಂದಿನದೆಲ್ಲ ಜ್ಞಾನವೆಂದು ಕೊಂಡಾಡುವ ಇಂದಿನ ಚಾಳಿ ಎಂದು ಯಾರಾದರೂ ಹೇಳಬಹುದು. ಅವರಿಗೆ ಶೇಲಿನ ಪದರಗಳು ಗೊತ್ತಿದ್ದವೆಂದು ನಾನೂ ಹೇಳುವುದಿಲ್ಲ. ಹೇಳುವುದು ಇಷ್ಟೇ: ಒಂದು ಜಾಗವನ್ನು ಹೇಗೆ ಬಳಸಬೇಕೆಂಬ ತಿಳಿವಳಿಕೆ ಕಾರಣ ಗೊತ್ತಿದ್ದೇ ಬರಬೇಕೆಂದಿಲ್ಲ. ಕುಮಾವೂವಿನ ಹಳೆಯ ಹಳ್ಳಿಗಳು ಸಾಮಾನ್ಯವಾಗಿ ಬೆಟ್ಟದ ಹೆಗಲ ಮೇಲೆ, ಗಟ್ಟಿ ನೆಲ ಕಂಡಲ್ಲಿ, ಹಳ್ಳ ಹರಿಯುವ ಕೊರಕಲಿನಿಂದ ದೂರ ಕೂತಿವೆ. ಆ ಜನಕ್ಕೆ ಮನೆ ಎಲ್ಲಿ ಕಟ್ಟಬಾರದೆಂಬುದು ತಲೆಮಾರುಗಳ ಅನುಭವದಿಂದ ಗೊತ್ತಿತ್ತು. ನೀರಿದೆ, ಹುಲ್ಲಿದೆ, ಮರವಿದೆ, ತಂಪಿದೆ. ಇಷ್ಟಿದ್ದೂ ಒಂದೇ ಒಂದು ಕಾಯಂ ಹಳ್ಳಿಯನ್ನು ಅವರು ಅಲ್ಲಿ ಕಟ್ಟಲಿಲ್ಲ. ಭಕ್ತಿ ಕಾರಣವಾಗಿರಲಿ, ಬೇರೆ ಏನೇ ಇರಲಿ, ಫಲವಂತೂ ಒಂದೇ: ಬೆಟ್ಟ ಜಾರಿದಾಗ ಅದರ ಕೆಳಗೆ ಯಾರೂ ಇರುತ್ತಿರಲಿಲ್ಲ. ಮನೆಯಿಲ್ಲದಲ್ಲಿ ಗುಡ್ಡ ಕುಸಿದರೆ ಅದನ್ನು ದುರಂತವೆಂದು ಯಾರೂ ಬರೆದಿಡುವುದಿಲ್ಲ.

1842ರಿಂದ ಮುಂದೆ ಕಟ್ಟಡಗಳು ಏಳತೊಡಗಿದವು. ಬ್ಯಾರನ್ ತನ್ನ ಮನೆಗೆ ಪಿಲ್‌ಗ್ರಿಮ್ ಲಾಡ್ಜ್ ಎಂದು ಹೆಸರಿಟ್ಟ. ಕಮಿಷನರ್ ಲಷಿಂಗ್ಟನ್ ಜಾಗ ಹಂಚಿಕೊಟ್ಟ, ತಾನೂ ಕಟ್ಟಿದ. ಮೋತಿರಾಮ್ ಶಾಹ್ ಎಂಬ ಸಾಹುಕಾರ ಕೆರೆಯಂಚಿನಲ್ಲಿ ದೇವಿಯ ಗುಡಿ ಕಟ್ಟಿಸಿದ. 1845ರ ಹೊತ್ತಿಗೆ ಪುರಸಭೆ, 1848ರಲ್ಲಿ ಚರ್ಚು. 1857ರ ದಂಗೆಯಲ್ಲಿ ಬಯಲಿನಿಂದ ಓಡಿಬಂದ ಇಂಗ್ಲಿಷ್ ಕುಟುಂಬಗಳಿಗೆ ಆಸರೆ ಕೊಟ್ಟ ಮೇಲಂತೂ ಊರಿನ ಬೆಲೆ ಏರಿತು. 1862ರಿಂದ ವಾಯವ್ಯ ಪ್ರಾಂತ್ಯಗಳ ಸರ್ಕಾರ ಪ್ರತಿ ಬೇಸಿಗೆ ಇಲ್ಲಿಗೆ ಬರತೊಡಗಿತು. ಸರ್ಕಾರ ಬಂತೆಂದರೆ ಕಚೇರಿ, ಗುಮಾಸ್ತರು, ಹೋಟೆಲು, ಕ್ಲಬ್ಬು, ಅಂಗಡಿ, ಹೊರೆಯಾಳು, ಅಡುಗೆಯವರು, ಅಗಸರು ಎಲ್ಲರೂ ಬರಬೇಕು. ಇಳಿಜಾರಿನಲ್ಲಿ ಮನೆ ಕಟ್ಟುವುದೆಂದರೆ ಏನೆಂದು ಒಂದು ಕ್ಷಣ ಯೋಚಿಸಿ. ಗುಡ್ಡವನ್ನು ಹಿಂದಕ್ಕೆ ಕಡಿಯಬೇಕು, ಕಡಿದ ಮಣ್ಣನ್ನು ಮುಂದಕ್ಕೆ ಸುರಿದು ಅಂಗಳ ಸಮ ಮಾಡಬೇಕು. ಹಿಂದಿನ ಗುಡ್ಡಕ್ಕೆ ಬುಡದ ಆಸರೆ ಹೋಯಿತು, ಮುಂದೆ ಸಡಿಲ ಮಣ್ಣಿನ ಹೊರೆ ಬಂತು. ಚಾವಣಿಯ ನೀರು, ಅಂಗಳದ ನೀರು, ಬಚ್ಚಲ ನೀರು ಎಲ್ಲಾದರೂ ಇಳಿಯಲೇಬೇಕಲ್ಲ, ಆ ಸಡಿಲ ಮಣ್ಣಿನೊಳಕ್ಕೇ ಇಳಿಯಿತು. ಮೊದಲೆಲ್ಲ ಮಳೆ ಬಾಂಜ್ ಎನ್ನುವ ಓಕ್ ಮರದ ಎಲೆಯ ಮೇಲೆ ಬಿದ್ದು, ತೊಟ್ಟಿಕ್ಕಿ, ಬೇರಿನ ಹಾಸಿನ ಮೇಲೆ ಹರಿದು ಕೆರೆ ಸೇರುತ್ತಿತ್ತು. ಈಗ ಅದಕ್ಕೆ ನೂರು ಕಡೆ ಬಾಯಿ ತೆರೆದು ಕೊಟ್ಟಂತಾಯಿತು.

ಬೆಟ್ಟ ಎಚ್ಚರಿಕೆ ಕೊಡದೆ ಇರಲಿಲ್ಲ. ಶೇರ್ ಕಾ ಡಾಂಡಾದ ಮೈಯಲ್ಲೇ ಇರುವ ಆಲ್ಮಾ ಗುಡ್ಡದಲ್ಲಿ 1866ರಲ್ಲಿ ಒಂದು ಕುಸಿತವಾಯಿತು, ಕೆಲವು ವರ್ಷಗಳ ನಂತರ ಅದೇ ಜಾಗದಲ್ಲಿ ಇನ್ನೂ ದೊಡ್ಡದು. ಆಮೇಲೆ 1880ರ ಸೆಪ್ಟೆಂಬರ್. 16ರಂದು ಶುರುವಾದ ಮಳೆ ನಿಲ್ಲಲೇ ಇಲ್ಲ. 18ರ ಶನಿವಾರ ಬೆಳಗಿನವರೆಗಿನ 40 ಗಂಟೆಗಳಲ್ಲಿ 20ರಿಂದ 35 ಅಂಗುಲದಷ್ಟು ಮಳೆ ಸುರಿಯಿತೆಂದು ಆಗಿನ ಬೇರೆ ಬೇರೆ ಲೆಕ್ಕಗಳು ಹೇಳುತ್ತವೆ. ಬೆಳಗ್ಗೆ ವಿಕ್ಟೋರಿಯಾ ಹೋಟೆಲಿನ ಹಿಂದಿನ ಗುಡ್ಡದ ಒಂದು ಭಾಗ ಜಾರಿ, ಒಂದು ಇಂಗ್ಲಿಷ್ ಮಗು, ಅದರ ದಾದಿ, ಕೆಲವು ಆಳುಗಳು ಮಣ್ಣಿನಡಿ ಸಿಕ್ಕಿಕೊಂಡರು. ಅವರನ್ನು ತೆಗೆಯಲು ಅಧಿಕಾರಿಗಳು, ಸಿಪಾಯಿಗಳು, ಕೂಲಿಗಳು ಸೇರಿದರು. ಕೆಳಗೆ ಬೆಲ್ಸ್ ಅಂಗಡಿ, ಸ್ವಯಂಸೇವಕ ದಳದ ಕೊಠಡಿ, ದೇವಿಯ ಗುಡಿ ಇದ್ದಲ್ಲೂ ಜನ ಸನಿಕೆ ಹಿಡಿದು ನುಗ್ಗುವ ನೀರನ್ನು ಬೇರೆಡೆಗೆ ತಿರುಗಿಸುತ್ತಿದ್ದರು. ಮಧ್ಯಾಹ್ನ ಎರಡು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ ಇಡೀ ಗುಡ್ಡವೇ ಹೊರಟಿತು. ಎಲ್ಲ ಮುಗಿಯಲು ಬೇಕಾದದ್ದು ಕೆಲವೇ ಕ್ಷಣ. ಹೋಟೆಲು, ಅಂಗಡಿ, ಗುಡಿ, ಕೆರೆಯಂಚಿನ ಸಭಾಭವನ, ಎಲ್ಲವೂ ಮಣ್ಣು ಪಾಲಾದವು, ಕೆಲವು ಕೆರೆಗೇ ಹೋದವು. ಕಾಣೆಯಾದವರು ಸೇರಿ ಸತ್ತವರು 151. ಅವರಲ್ಲಿ 43 ಮಂದಿ ಬ್ರಿಟಿಷರು, 108 ಮಂದಿ ಭಾರತೀಯರು. ಬೆಳಗ್ಗೆ ಸಿಕ್ಕಿಕೊಂಡವರನ್ನು ಬಿಡಿಸಲು ಹೋದವರೇ ಮಧ್ಯಾಹ್ನ ಸತ್ತವರಲ್ಲಿ ಬಹಳ. ಕೆರೆಯಿಂದ ಮೇಲಕ್ಕೆ, ಕಾಡಿನ ನಡುವೆ ಇರುವ ಸೇಂಟ್ ಜಾನ್ ಚರ್ಚಿನ ಒಳಗೆ ಅಂದು ಸತ್ತವರ ಹೆಸರು ಕೊರೆದ ಹಿತ್ತಾಳೆಯ ಫಲಕವಿದೆ. ಆ ಕಾಲದ ವರದಿಗಳನ್ನು ಓದಿದರೆ ಕಾಣುವ ಸಂಗತಿ ಬೇರೆ: ಅವು ಇಂಗ್ಲಿಷ್ ಅಧಿಕಾರಿಗಳನ್ನು ಹೆಸರು ಹಿಡಿದು ಕರೆಯುತ್ತವೆ, 108 ಜನರನ್ನು ಎಣಿಸಿ ಬಿಡುತ್ತವೆ. ಸನಿಕೆ ಹಿಡಿದು ನಿಂತಿದ್ದ ಕೂಲಿಯ ಊರು ಯಾವುದೋ, ಹೆಂಡತಿ ಮಕ್ಕಳಿಗೆ ಸುದ್ದಿ ಯಾವಾಗ ಮುಟ್ಟಿತೋ, ಆ ವರದಿಗಳಿಗೆ ಬೇಕಿರಲಿಲ್ಲ.

ಯಾಕಾಯಿತು? ಭಾರತದ ಭೂವಿಜ್ಞಾನ ಸಮೀಕ್ಷೆಯ ಆರ್. ಡಿ. ಓಲ್ಡ್‌ಹ್ಯಾಮ್ ಅದೇ ವರ್ಷ ಈ ಕುಸಿತದ ಬಗ್ಗೆ ಟಿಪ್ಪಣಿ ಬರೆದ. ಮುಂದೆ ಮಿಡ್ಲ್‌ಮಿಸ್, ಹಾಲೆಂಡ್ ಎಂಬ ಭೂವಿಜ್ಞಾನಿಗಳೂ ಈ ಬೆಟ್ಟಗಳನ್ನು ಅಳೆದು ಬರೆದರು. ಇಷ್ಟು ಸಣ್ಣ ಊರಿನ ಇಳಿಜಾರುಗಳನ್ನು ಇಷ್ಟು ಬಾರಿ ಪರೀಕ್ಷಿಸಿದ ಉದಾಹರಣೆ ಆ ಕಾಲದ ಭಾರತದಲ್ಲಿ ಅಪರೂಪ. ಅಂಥ ಮಳೆಗೆ ಯಾವ ಊರು ತಾನೇ ಉಳಿದೀತು ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅಂದು ಭೂಮಿ ನಡುಗಿತ್ತೆಂಬ ಮಾತೂ ಆ ಕಾಲದ ಬರಹಗಳಲ್ಲಿ ಬರುತ್ತದೆ. ಮಳೆ ಅಸಾಮಾನ್ಯವಾಗಿತ್ತೆಂಬುದು ನಿಜ. ಆದರೆ ಅದೇ ಮಳೆ ಸುತ್ತಲ ಎಲ್ಲ ಬೆಟ್ಟಗಳ ಮೇಲೂ ಬಿದ್ದಿತ್ತು. ಕುಸಿದದ್ದು ಹಿಂದೆ ಎರಡು ಬಾರಿ ಕುಸಿದು ತನ್ನ ಮನಸ್ಸು ತಿಳಿಸಿದ್ದ ಬೆಟ್ಟದ ಮೈಯಲ್ಲಿ, ಹೋಟೆಲಿಗಾಗಿ ಬುಡ ಕಡಿದಿದ್ದ ಜಾಗದಲ್ಲಿ, ನೀರು ಒಳಗಿಳಿಯಲು ಬಿಟ್ಟಿದ್ದ ಸಡಿಲ ಮಣ್ಣಿನಲ್ಲಿ. ಮಳೆಯನ್ನು ದೂರುವುದು ಬೆಂಕಿಪೊಟ್ಟಣವನ್ನು ಹುಲ್ಲಿನ ಬಣವೆಯ ಪಕ್ಕ ಇಟ್ಟು ಗಾಳಿಯನ್ನು ಬೈದಂತೆ. ಇದನ್ನು ನಾನು ಹೇಳಬೇಕಾಗಿಲ್ಲ, ಆಗಿನ ಸರ್ಕಾರವೇ ಒಪ್ಪಿಕೊಂಡಿತು. ಒಪ್ಪಿಕೊಂಡ ಪತ್ರ ಕಲ್ಲಿನಲ್ಲಿದೆ. ಅದೇ ನಾಲಾಗಳು.

1880ರ ನಂತರದ ವರ್ಷಗಳಲ್ಲಿ ಬೆಟ್ಟದ ಮೈಗೆ ನಾಲಾಗಳ ಜಾಲವನ್ನೇ ಹೆಣೆದರು. ತತ್ತ್ವ ಸರಳ: ಬಿದ್ದ ನೀರು ನೆಲದೊಳಗೆ ಇಳಿಯುವ ಮುನ್ನವೇ ಅದನ್ನು ಹಿಡಿದು, ಕಲ್ಲಿನ ಹಾಸಿನ ಮೇಲೆ ಕೆರೆಗೆ ಇಳಿಸಿಬಿಡಬೇಕು. ಮನೆಯ ಚಾವಣಿಯಿಂದ ಸಣ್ಣ ಚರಂಡಿ, ಅದು ಕೊಂಬೆಯ ನಾಲಾಕ್ಕೆ, ಕೊಂಬೆ ದೊಡ್ಡ ನಾಲಾಕ್ಕೆ, ದೊಡ್ಡದು ಕೆರೆಗೆ. ಒಂದೊಂದಕ್ಕೂ ನಂಬರು ಕೊಟ್ಟರು. ಇವತ್ತೂ ಪುರಸಭೆಯವರು ಅವನ್ನು ನಂಬರಿನಿಂದಲೇ ಗುರುತಿಸುತ್ತಾರೆ. ತಲ್ಲಿತಾಲಿನ ಕಟ್ಟೆಯ ಬಳಿ, ಡಾಂಠ್ ಎಂದು ಕರೆಯುವ ಜಾಗದಲ್ಲಿ, ತೂಬಿನ ಬಾಗಿಲುಗಳಿಟ್ಟು ಯಾವ ತಿಂಗಳಲ್ಲಿ ಕೆರೆಯ ನೀರು ಎಷ್ಟಿರಬೇಕೆಂದು ಮಟ್ಟ ಗೊತ್ತುಮಾಡಿದರು. ಕೆರೆಯ ನೀರೇ ಬೆಟ್ಟದ ಪಾದಕ್ಕೆ ಒತ್ತು ಕೊಡುವ ಆಧಾರ, ಅದು ಒಮ್ಮೆಲೆ ಇಳಿದರೆ ದಂಡೆ ಸಡಿಲವಾಗುತ್ತದೆಂಬ ಎಣಿಕೆ. ಹೊಸ ಕಟ್ಟಡಕ್ಕೆ ಅನುಮತಿ, ಮರ ಕಡಿಯಲು ಅನುಮತಿ, ಇಳಿಜಾರಿನ ಕ್ಷೇಮ ನೋಡುವ ಸಮಿತಿ, ಎಲ್ಲವೂ ಬಂದವು. ಮಳೆಗಾಲಕ್ಕೆ ಮುಂಚೆ ನಾಲಾಗಳ ಹೂಳೆತ್ತುವುದು, ಮಳೆಯಲ್ಲಿ ಕಲ್ಲು ಸಡಿಲವಾಯಿತೇ ಎಂದು ನೋಡುವುದು, ಇದು ವರ್ಷವರ್ಷವೂ ತಪ್ಪದೆ ಆಗಬೇಕಾದ ಕೆಲಸವಾಯಿತು. ಕುಸಿದು ಬಂದ ಮಣ್ಣು ಮಲ್ಲಿತಾಲಿನ ಕಡೆ ಕೆರೆಯ ಒಂದು ಭಾಗವನ್ನೇ ತುಂಬಿತ್ತು. ಅಲ್ಲಿ ಸಮತಟ್ಟಾದ ಜಾಗವೇ ಇಂದು ಫ್ಲ್ಯಾಟ್ಸ್ ಎನ್ನುವ ಆಟದ ಬಯಲು. ಹುಡುಗರು ಫುಟ್‌ಬಾಲ್ ಆಡುವ, ಪ್ರವಾಸಿಗಳ ಕಾರು ನಿಲ್ಲುವ ಆ ಬಯಲಿನ ಅಡಿಯಲ್ಲಿ 1880ರ ಬೆಟ್ಟವಿದೆ. ಗುಡಿಯನ್ನು 1883ರ ಹೊತ್ತಿಗೆ ಅದರ ಪಕ್ಕದಲ್ಲಿ ಹೊಸದಾಗಿ ಕಟ್ಟಿದರು.

ಜನ ಬೆಟ್ಟ ಬದಲಿಸಿದ್ದೂ ಆಗಲೇ. ಪೂರ್ಣಚಂದ್ರ ತೇಜಸ್ವಿಯವರ ಅನುವಾದದ ಮೂಲಕ ಕನ್ನಡಿಗರಿಗೆ ಹತ್ತಿರವಾದ ಜಿಮ್ ಕಾರ್ಬೆಟ್ 1875ರಲ್ಲಿ ಈ ಊರಿನಲ್ಲೇ ಹುಟ್ಟಿದವನು, ದುರಂತದ ದಿನ ಐದು ವರ್ಷದ ಹುಡುಗ. ಅವನ ತಾಯಿ ಮೇರಿ ಜೇನ್ ಬೇಸಿಗೆಗೆ ಬರುವವರಿಗೆ ಮನೆ ಗೊತ್ತುಮಾಡಿಕೊಡುವ ವ್ಯವಹಾರ ನಡೆಸುತ್ತಿದ್ದವಳು, ಯಾವ ಬೆಟ್ಟ ನಂಬಬಹುದು ಎಂದು ಬಲ್ಲವಳು. ಆಲ್ಮಾ ಗುಡ್ಡದ ಕಡೆಯ ಮನೆ ಬಿಟ್ಟು ಆ ಕುಟುಂಬ ಕೆರೆಯಾಚೆಯ ಅಯಾರ್‌ಪಾಟಾದಲ್ಲಿ ಗರ್ನಿ ಹೌಸ್ ಕಟ್ಟಿಕೊಂಡಿತು. ಸರ್ಕಾರದ್ದೂ ಇದೇ ದಾರಿ. ಶೇರ್ ಕಾ ಡಾಂಡಾದ ಮೇಲಿದ್ದ ಗವರ್ನರ್ ನಿವಾಸದ ಗೋಡೆಗಳು ಬಿರುಕು ಬಿಡತೊಡಗಿದಾಗ ಅದನ್ನು ತೊರೆದು, 1897ರಲ್ಲಿ ಅಯಾರ್‌ಪಾಟಾದ ಮೇಲೆ ಹೊಸದನ್ನು ಶುರು ಮಾಡಿದರು. ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ ಕಟ್ಟಿದ ಎಫ್. ಡಬ್ಲ್ಯು. ಸ್ಟೀವನ್ಸ್ ಅದರ ವಿನ್ಯಾಸಕಾರ. ಪ್ರವಾಸಿಗಳು ಕಮಾನು ಗೋಪುರಗಳನ್ನು ಮೆಚ್ಚಿ ನೋಡುವ ರಾಜಭವನ ಇದೇ. ಅದರ ಚೆಲುವಿಗಿಂತ ನನಗೆ ಮುಖ್ಯವೆನಿಸುವುದು ಅದು ನಿಂತಿರುವ ಜಾಗ. ಗವರ್ನರನೇ ಬಿಟ್ಟುಹೋದ ಬೆಟ್ಟದ ಮೇಲೆ ಮನೆ ಬದಲಿಸುವ ಶಕ್ತಿಯಿಲ್ಲದವರು ಉಳಿದರು.

ಹಾಗಾದರೆ ಬ್ರಿಟಿಷರನ್ನು ದೂರುವುದೇಕೆ, ಎಚ್ಚರ ಕಲಿತು ಊರನ್ನು ಉಳಿಸಿದವರೂ ಅವರೇ ಅಲ್ಲವೆ ಎಂದು ಕೇಳಬಹುದು. ನಾಲಾಗಳ ಮಟ್ಟಿಗೆ ಈ ಮಾತು ಸತ್ಯ, ಆ ಎಂಜಿನಿಯರುಗಳ ಶ್ರದ್ಧೆಯನ್ನು ಮೆಚ್ಚದಿದ್ದರೆ ಅನ್ಯಾಯವಾದೀತು. 140 ವರ್ಷಗಳಾದರೂ ಆ ಪ್ರಮಾಣದ ಇನ್ನೊಂದು ಕುಸಿತ ಊರಿನ ನಡುವೆ ಆಗಿಲ್ಲ ಎನ್ನುವುದೇ ಅವರ ಕೆಲಸಕ್ಕೆ ಸಿಕ್ಕ ಸರ್ಟಿಫಿಕೇಟು. ಆದರೆ ಎರಡು ಮಾತು ಸೇರಿಸಬೇಕು. ಒಂದು, ಅವರು ಊರನ್ನು ಕಿರಿದು ಮಾಡಲಿಲ್ಲ, ಬೇಸಿಗೆ ರಾಜಧಾನಿಯನ್ನು ಬೇರೆಡೆಗೆ ಒಯ್ಯಲಿಲ್ಲ. ಇದ್ದ ಬಂಡವಾಳ ಬಿಡಲಾಗದೆ ಬೆಟ್ಟಕ್ಕೆ ಕಟ್ಟು ಕಟ್ಟಿದರು. ಎರಡು, ಮೈಮೇಲಿನ ನೀರನ್ನೆಲ್ಲ ವೇಗವಾಗಿ ಕೆರೆಗೆ ಇಳಿಸಿದರೆ, ಕೆರೆ ತುಂಬಿದ ನೀರು ತಲ್ಲಿತಾಲಿನಿಂದ ಬಲಿಯಾ ನಾಲಾ ಎಂಬ ಕೊರಕಲಿನಲ್ಲಿ ಅಷ್ಟೇ ರಭಸದಿಂದ ಹೊರಬೀಳುತ್ತದೆ. ಆ ಕೊರಕಲು ತನ್ನ ದಂಡೆಯನ್ನು ತಾನೇ ಕೊರೆಯುತ್ತ ಊರಿನ ಬುಡದ ಕಡೆ ಬರುತ್ತಿದೆ. 1898ರ ಆಗಸ್ಟಿನಲ್ಲಿ ಅಲ್ಲೇ, ಕೈಲಾಖಾನ್ ಗುಡ್ಡ ಜಾರಿ ಕೆಳಗಿದ್ದ ಮದ್ಯದ ಕಾರ್ಖಾನೆಯನ್ನು ಹೂತಿತು, 28 ಜನ ಸತ್ತರು. ನಾಲಾ ಎಂದರೆ ಪರಿಹಾರವಲ್ಲ, ಸಾಲ. ವರ್ಷವರ್ಷವೂ ಬಡ್ಡಿ ಕಟ್ಟುತ್ತಲೇ ಇರಬೇಕು. ಬಡ್ಡಿ ಎಂದರೆ ಹೂಳೆತ್ತುವುದು, ಕಲ್ಲು ಸರಿಪಡಿಸುವುದು, ಹೊಸ ಮನೆಗೆ ಇಲ್ಲವೆನ್ನುವುದು.

ಸ್ವಾತಂತ್ರ್ಯದ ನಂತರ ಆ ಬಡ್ಡಿ ಕಟ್ಟುವುದು ಸಡಿಲವಾಯಿತು. ಬೇಸಿಗೆಯ ಕೆಲವು ಸಾವಿರ ಜನರಿಗೆಂದು ಎಣಿಸಿದ ಊರಿಗೆ ರಜೆಯ ದಿನಗಳಲ್ಲಿ ದಿಲ್ಲಿ, ಉತ್ತರ ಪ್ರದೇಶಗಳಿಂದ ಕಾರುಗಳ ಸಾಲೇ ಏರಿ ಬರತೊಡಗಿತು. 2000ದಲ್ಲಿ ಹೊಸ ರಾಜ್ಯ ಹುಟ್ಟಿದಾಗ ಹೈಕೋರ್ಟೂ ಇಲ್ಲೇ ನೆಲೆಯಾಯಿತು. ಕಟ್ಟಬಾರದೆಂದು ಗುರುತಿಸಿದ್ದ ಇಳಿಜಾರುಗಳಲ್ಲಿ ಅಂತಸ್ತುಗಳು ಎದ್ದವು, ನಾಲಾಗಳ ಮೇಲೆ ಚಪ್ಪಡಿ ಹಾಸಿ ಅಂಗಳ ಮಾಡಿಕೊಂಡರು, ಅವುಗಳ ಅಂಚಿಗೆ ಮನೆ ತಾಗಿಸಿದರು. ಇತಿಹಾಸಕಾರ ಅಜಯ್ ಸಿಂಗ್ ರಾವತ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ಕೊಡುವಾಗ ಅದರ ಮುಂದಿದ್ದ ದೂರುಗಳು ಇವೇ: ಮಲ್ಬಾ, ಅಂದರೆ ಕಟ್ಟಡದ ಮಣ್ಣು ಕಲ್ಲು, ನಾಲಾಗಳ ಬದಿಗೆ ರಾಶಿ ಬೀಳುತ್ತಿದೆ, ಕುದುರೆ ಲದ್ದಿ, ಕೊಳಕು ಕೆರೆ ಸೇರುತ್ತಿವೆ. ಮೇಲಿನ ಸುಖಾತಾಲ್ ಎಂಬ ಮಳೆಗಾಲದ ಹೊಂಡ ನೆಲದಡಿಯಿಂದ ನೈನಿ ಕೆರೆಗೆ ನೀರು ಕೊಡುವ ದೊಡ್ಡ ಮೂಲವೆಂದು ಜಲವಿಜ್ಞಾನಿಗಳು ಹೇಳಿದ ಮೇಲೂ ಅದರ ಅಂಗಳದಲ್ಲಿ ಮಲ್ಬಾ ಬಿದ್ದಿತು, ಮನೆಗಳು ಎದ್ದವು. 2017ರ ಬೇಸಿಗೆಯಲ್ಲಿ ಕೆರೆಯ ನೀರು ತೀರಾ ಕೆಳಗಿಳಿದಾಗ ನಾಲಾಗಳ ಬಾಯಲ್ಲಿ ಬೀಸಣಿಗೆಯಂತೆ ಹರಡಿದ ಮಣ್ಣಿನ ದಿಬ್ಬಗಳು ಮೇಲೆದ್ದು ಕಂಡವು. ಪ್ರತಿ ದಿಬ್ಬವೂ ತನ್ನ ನಾಲಾ ಇಷ್ಟು ವರ್ಷ ಏನು ಹೊತ್ತು ತಂದಿತೆಂಬುದರ ಬಹಿರಂಗ ಲೆಕ್ಕ. ಮರುವರ್ಷ, 2018ರ ಆಗಸ್ಟಿನ ನಡುವೆ, ಲೋಯರ್ ಮಾಲ್ ರೋಡಿನ ಒಂದು ತುಂಡು ಕೆರೆಯೊಳಕ್ಕೇ ಜಾರಿತು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಗಳಲ್ಲಿ ಬೆಟ್ಟಗಳು ಮನೆಗಳನ್ನು ಹೊತ್ತು ಇಳಿದವು. ಅಲ್ಲಿಯೂ ಮನೆಗೆ, ರಸ್ತೆಗೆ, ತೋಟಕ್ಕೆಂದು ಇಳಿಜಾರನ್ನು ಕಡಿದದ್ದೇ ದೊಡ್ಡ ಕಾರಣವೆಂದು ಭೂವಿಜ್ಞಾನ ಸಮೀಕ್ಷೆ ಹೇಳಿತು. ಕಲ್ಲು ಬೇರೆ, ಮಣ್ಣು ಬೇರೆ. ಬುಡ ಕಡಿದ ರೀತಿ ಒಂದೇ.

ಕೊನೆಯ ಆಕ್ಷೇಪ ಅಲ್ಲಿ ಬದುಕುವವರದ್ದು, ಎಲ್ಲಕ್ಕಿಂತ ಕಷ್ಟದ್ದು. ದೋಣಿ ನಡೆಸುವವನಿಗೆ, ಮೋಮೋ ಬೇಯಿಸಿ ಮಾರುವವಳಿಗೆ, ಹೋಟೆಲಿನಲ್ಲಿ ಹಾಸಿಗೆ ಬದಲಿಸುವ ಹುಡುಗನಿಗೆ ಪ್ರವಾಸಿಗಳೇ ಅನ್ನ. ಊರು ಬೆಳೆಯಬಾರದೆಂದರೆ ಅವರು ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ರಾಜಕಾಲುವೆ ಮುಚ್ಚಿ ಕಟ್ಟಿದ ಬಡಾವಣೆಯಲ್ಲಿ ಕೂತು ಅವರಿಗೆ ಉಪದೇಶ ಹೇಳುವ ಹಕ್ಕು ನಮಗಿಲ್ಲ. ನನ್ನ ಉತ್ತರ ಇಷ್ಟು: ಈ ಪ್ರಶ್ನೆಯಲ್ಲಿ ಬಡವರನ್ನು ಮುಂದೆ ನಿಲ್ಲಿಸುವುದು ಸುಲಭ, ಆದರೆ ಅಲ್ಲಿ ಅಂತಸ್ತು ಏರಿಸಿದವರು ಅವರಲ್ಲ. 1880ರಲ್ಲಿ ವಿಕ್ಟೋರಿಯಾ ಹೋಟೆಲಿನ ಜಾಗ ಆರಿಸಿದವನು ಅದರ ಆಳುಗಳಲ್ಲಿ ಯಾರೂ ಅಲ್ಲ, ಸತ್ತವರಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಭಾರತೀಯರು. ಇಂದು ಬಲಿಯಾ ನಾಲಾದ ದಂಡೆಯಲ್ಲಿಯೂ ಅದೇ ಲೆಕ್ಕ. ತಲ್ಲಿತಾಲಿನ ಕೆಳಗೆ ಆ ಕೊರಕಲು ಮಳೆಗಾಲ ಬಂದಾಗಲೆಲ್ಲ ಇನ್ನಷ್ಟು ಒಳಕ್ಕೆ ತಿನ್ನುತ್ತದೆ, ಅಂಚಿನ ಮನೆಗಳ ಗೋಡೆಯಲ್ಲಿ ಬಿರುಕು ಮೂಡುತ್ತದೆ, ಆಡಳಿತದವರು ಬಂದು ಮನೆ ಖಾಲಿ ಮಾಡಿಸುತ್ತಾರೆ. ಅಲ್ಲಿಂದ ಟ್ರಂಕು ಹಾಸಿಗೆ ಹೊತ್ತು ಹೊರಡುವವರು ದೊಡ್ಡ ಹೋಟೆಲುಗಳ ಮಾಲೀಕರಲ್ಲ. ಸಣ್ಣ ಸಂಬಳದವರು, ಕೂಲಿಯವರು. ಕೆರೆಯ ನೀರು ಡಾಂಠಿನ ತೂಬು ದಾಟಿ ಅವರ ಮನೆಗಳ ಕೆಳಗಿನಿಂದಲೇ ಗೌಲಾ ನದಿಯ ಕಡೆಗೆ ಇಳಿದು ಹೋಗುತ್ತಿರುತ್ತದೆ.